ಹುಣಸೂರು ಸೀಮೆಯ ಗಾಡಿ ಕಸುಬು: ಎತ್ತಿನ ಬಂಡಿಯಿಂದ ಎಂಜಿನ್ ಟ್ಯೂನಿಂಗ್‌ವರೆಗೆ

ಗಾಡಿ ಕಟ್ಟುವ, ಕೆಟ್ಟ ಗಾಡಿಯನ್ನು ಸರಿಪಡಿಸುವ ಕಸುಬು ಹುಣಸೂರಿನಲ್ಲಿ ಮೋಟಾರಿಗಿಂತ ಹಳೆಯದು. ಲಕ್ಷ್ಮಣತೀರ್ಥ ನದಿಯ ದಡದ ಈ ಊರಿನಲ್ಲಿ 19ನೆಯ ಶತಮಾನದಲ್ಲಿ ಮದ್ರಾಸ್ ಸೇನೆಯ ಕಮಿಸರಿಯೇಟ್ (ಸರಕು ಪೂರೈಕೆ) ಇಲಾಖೆ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ ಮತ್ತು ಮರದ ಡಿಪೊ ನಡೆಸುತ್ತಿತ್ತು. ಸೇನೆಯ ಫಿರಂಗಿ ಎಳೆಯುವ ಅಮೃತಮಹಲ್ ಎತ್ತುಗಳ ಸಾಕಣೆಗೂ ಇದೇ ಕೇಂದ್ರವಾಗಿತ್ತು. 1864ರಲ್ಲಿ ಸರ್ಕಾರಿ ಕಾರ್ಖಾನೆಗಳು ಮುಚ್ಚಿದರೂ ಅಲ್ಲಿ ಪಳಗಿದ ಕುಶಲಕರ್ಮಿಗಳು ಊರಿನಲ್ಲೇ ಉಳಿದರು. ಬೂಟು, ಚರ್ಮದ ಸಾಮಾನುಗಳ ಜೊತೆಗೆ ಎತ್ತಿನ ಗಾಡಿಗಳೂ ಇಲ್ಲಿ ಹೆಚ್ಚಾಗಿ ತಯಾರಾಗುತ್ತಿದ್ದುದನ್ನು ಮೈಸೂರು ಗೆಜೆಟಿಯರ್ ದಾಖಲಿಸಿದೆ.

ಎತ್ತಿನ ಗಾಡಿಯ ರಿಪೇರಿಗೂ ಒಂದು ಕ್ರಮವಿತ್ತು. ಮೊದಲು ಅಚ್ಚು ಸವೆದಿದೆಯೇ ಎಂದು ನೋಡಬೇಕು, ಆಮೇಲೆ ಗಾಲಿಯ ಅರೆಗಳನ್ನು ಬಿಗಿಮಾಡಿ, ಕಬ್ಬಿಣದ ಹಳಿಯನ್ನು ಕಾಯಿಸಿ ತೊಡಿಸಬೇಕು. ಕೀಲೆಣ್ಣೆಯ ಸರದಿ ಕೊನೆಗೆ. ಅಚ್ಚು ಸವೆದ ಗಾಡಿಗೆ ಎಷ್ಟು ಎಣ್ಣೆ ಹಾಕಿದರೂ ಸದ್ದು ನಿಲ್ಲುವುದಿಲ್ಲ. ಮುಂದೆ ಮೋಟಾರು ಗ್ಯಾರೇಜುಗಳಲ್ಲಿಯೂ ಕೆಲಸದ ಕ್ರಮ ಹೀಗೆಯೇ ನಡೆಯಿತು.

ಸ್ವಾತಂತ್ರ್ಯಾನಂತರ ಈ ಸೀಮೆಯ ಕಚ್ಚಾ ರಸ್ತೆಗಳಿಗೆ ಹೊಂದಿಕೊಂಡ ವಾಹನವೆಂದರೆ ಜೀಪು. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪನ್ನು ಭಾರತದಲ್ಲಿ ಜೋಡಿಸಲು ಆರಂಭಿಸಿತು. ಎಚ್.ಡಿ. ಕೋಟೆಯ ಕಾಡಂಚಿನ ದಾರಿಗಳಿಗೂ ಪಿರಿಯಾಪಟ್ಟಣದಿಂದ ಕೊಡಗಿನತ್ತ ಏರುವ ರಸ್ತೆಗಳಿಗೂ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಾಡಿ ಒಗ್ಗಿತು. ಮೊದಲ ಜೀಪುಗಳೆಲ್ಲ ಪೆಟ್ರೋಲಿನವು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಬೆಲೆ ಏರಿದಾಗ ದೇಶದಾದ್ಯಂತ ಜೀಪು ಮತ್ತು ಅಂಬಾಸಿಡರ್ ಕಾರುಗಳ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸುವ ಕೆಲಸ ಜೋರಾಯಿತು. ಮ್ಯಾಟಡೋರ್ ವ್ಯಾನಿನ ಎಂಜಿನ್ನಿಗೆ ಇದರಲ್ಲಿ ಬಹಳ ಬೇಡಿಕೆಯಿತ್ತು. ಕರ್ನಾಟಕದಲ್ಲಿ 1984ರಿಂದ ತಂಬಾಕು ಮಂಡಳಿಯ ಹರಾಜು ನಡೆಯತೊಡಗಿದ ಮೇಲೆ ಹುಣಸೂರು, ಪಿರಿಯಾಪಟ್ಟಣ ಭಾಗದ ರೈತರು ಗೊತ್ತಾದ ದಿನ ತಂಬಾಕಿನ ಬೇಲುಗಳನ್ನು ಮಾರುಕಟ್ಟೆಗೆ ಮುಟ್ಟಿಸಬೇಕಾಯಿತು. ಕಡಿಮೆ ಖರ್ಚಿನಲ್ಲಿ ಭಾರ ಹೊರುವ ವಾಹನದ ಅಗತ್ಯ ಇದರಿಂದ ಇನ್ನಷ್ಟು ಹೆಚ್ಚಿತು.

ಎಂಜಿನ್ ಬದಲಾಯಿಸಿದ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಡೀಸೆಲ್ ಎಂಜಿನ್ ಹೆಚ್ಚು ತೂಕದ್ದು, ನಡುಕವೂ ಜಾಸ್ತಿ. ಮುಂದಿನ ಪಟ್ಟಾ ಸ್ಪ್ರಿಂಗ್, ಎಂಜಿನ್ ಮೌಂಟಿಂಗ್, ರೇಡಿಯೇಟರ್, ಕ್ಲಚ್ ಎಲ್ಲವನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕಿತ್ತು. ವಾಲ್ವಿನ ಟ್ಯಾಪೆಟ್ ಹೊಂದಿಸುವುದು ಊರ ಗ್ಯಾರೇಜಿನಲ್ಲೇ ಆಗುತ್ತಿತ್ತು. ಡೀಸೆಲ್ ಪಂಪು ಮತ್ತು ನಾಝಲ್‌ಗಳು ಮಾತ್ರ ಪರೀಕ್ಷಾ ಯಂತ್ರವಿರುವ ಪಂಪ್ ರಿಪೇರಿ ಅಂಗಡಿಗೆ ಹೋಗಬೇಕಿತ್ತು. ಎಂಜಿನ್ನಿನ ಉಳಿದ ದೋಷಗಳನ್ನೆಲ್ಲ ಮುಗಿಸಿದ ಮೇಲೆ ಪರಿಣತರ ಕೈಗೆ ಒಪ್ಪಿಸುವ ರೂಢಿ ಡೀಸೆಲ್ ಪಂಪಿನ ಮಟ್ಟಿಗೆ ಆಗಲೇ ನೆಲೆಯೂರಿತ್ತು.

ಪೆಟ್ರೋಲ್ ಎಂಜಿನ್ನಿನ ಟ್ಯೂನಿಂಗ್ ಈ ಸೀಮೆಯ ಸಾಮಾನ್ಯರಿಗೆ ಪರಿಚಯವಾದದ್ದು ಜಾವಾ ಬೈಕಿನಿಂದ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. ಜೆಕೊಸ್ಲೊವಾಕಿಯದ ಪರವಾನಗಿಯಲ್ಲಿ ತಯಾರಾದ 250 ಸಿಸಿ ಟೂ-ಸ್ಟ್ರೋಕ್ ಬೈಕು 1970ರ ದಶಕದಲ್ಲಿ ಯಜ್ದಿ ಎಂಬ ಹೆಸರು ಪಡೆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಗಳು ಮೈಸೂರಿನಿಂದ ಒಂದೆರಡು ಗಂಟೆಯ ದಾರಿಯಷ್ಟೇ. ಹೀಗಾಗಿ ಇದು ಇಲ್ಲಿಯವರಿಗೆ ನಮ್ಮೂರಿನದೇ ಎನ್ನಿಸುವ ಬೈಕಾಗಿತ್ತು.

ಜಾವಾದ ಟೈಮಿಂಗ್ (ಪ್ಲಗ್ಗಿನ ಕಿಡಿ ಹಾರುವ ಗಳಿಗೆ) ಇಡುವ ಕೆಲಸ ನಾಜೂಕಿನದು. ಮೊದಲು ಫೀಲರ್ ಗೇಜ್ ಹಿಡಿದು ತೆರೆದಾಗ ಕಿಡಿ ಹಾರಿಸುವ ಪಾಯಿಂಟಿನ ಅಂತರವನ್ನು 0.4 ಮಿ.ಮೀ.ಗೆ ಹೊಂದಿಸುತ್ತಾರೆ. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಅಳತೆ ಕಡ್ಡಿ ಇಳಿಸಿ, ಪಿಸ್ಟನ್ ತುತ್ತತುದಿಗೆ ಬರುವ ಜಾಗ ಗುರುತಿಸಿಕೊಳ್ಳುತ್ತಾರೆ. ಅಲ್ಲಿಂದ ಕ್ರ್ಯಾಂಕನ್ನು ಹಿಂದಕ್ಕೆ ತಿರುಗಿಸಿ ಪಿಸ್ಟನ್ನನ್ನು ಸುಮಾರು 3 ಮಿ.ಮೀ. ಕೆಳಗಿಳಿಸುತ್ತಾರೆ. ಪಾಯಿಂಟು ತೆರೆಯಬೇಕಾದದ್ದು ಸರಿಯಾಗಿ ಅಲ್ಲಿಯೇ. ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿದ್ದರೆ, ಪಾಯಿಂಟು ಬಿಡಿಸಿಕೊಂಡ ಕ್ಷಣವೇ ಕಾಗದ ಸಡಿಲವಾಗಿ ಕೈಗೆ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದ್ದರೆ ಫಲವಿಲ್ಲ. ಸೀಲ್ ಸಂದಿಯಿಂದ ಎಂಜಿನ್ ಹೊರಗಿನ ಗಾಳಿ ಎಳೆದುಕೊಂಡು ಮಿಶ್ರಣ ಲೀನ್ ಆಗುತ್ತದೆ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ), ಪಿಸ್ಟನ್ ಕಾದು ಸೀಜ್ ಆಗುತ್ತದೆ. ಸೈಲೆನ್ಸರಿನೊಳಗೆ ಕಾರ್ಬನ್ ಕಟ್ಟಿದ್ದರೆ ಕಾರ್ಬೊರೇಟರಿಗೆ ಯಾವ ಜೆಟ್ ಹಾಕಿದರೂ ಬೈಕು ಏಳುವುದಿಲ್ಲ. ಆದ್ದರಿಂದ ಕಾರ್ಬನ್ ತೆಗೆದು, ಸೀಲ್ ಬದಲಿಸಿ, ಬೇಕಿದ್ದರೆ ಲೇತಿನಲ್ಲಿ ಬೋರ್ ಮಾಡಿಸಿ, ಆಮೇಲಷ್ಟೇ ಕಾರ್ಬೊರೇಟರಿಗೆ ಕೈಹಾಕುವುದು ಒಳ್ಳೆಯ ಮೆಕ್ಯಾನಿಕ್‌ನ ಲಕ್ಷಣವೆನಿಸಿತು.

1983ರ ಕೊನೆಯಲ್ಲಿ ಮಾರುತಿ 800, 1985ರಲ್ಲಿ ಜಿಪ್ಸಿ ಬಂದವು. ರ‍್ಯಾಲಿಗಳ ಆಕರ್ಷಣೆಯಿಂದ ಜಿಪ್ಸಿಗೆ ಬೇರೆ ಕಾರ್ಬೊರೇಟರ್, ಬೇರೆ ಕ್ಯಾಮ್, ತೆರೆದ ಸೈಲೆನ್ಸರ್ ಹಾಕಿಸುವ ಅಭ್ಯಾಸ ಬೆಳೆಯಿತು. 2000ದ ಹೊತ್ತಿಗೆ ಹೊಗೆ ನಿಯಮಗಳು ಬಿಗಿಯಾಗಿ ಪೆಟ್ರೋಲ್ ಕಾರುಗಳಿಗೆ ಕಾರ್ಬೊರೇಟರಿನ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಬಂದಿತು. ಟೈಮಿಂಗನ್ನೂ ಪೆಟ್ರೋಲಿನ ಪ್ರಮಾಣವನ್ನೂ ಕಂಪ್ಯೂಟರ್ ನಿರ್ಧರಿಸತೊಡಗಿದ ಮೇಲೆ ಟ್ಯೂನಿಂಗ್ ಲ್ಯಾಪ್‌ಟಾಪ್ ಮತ್ತು ಎಂಜಿನ್ನಿನ ಶಕ್ತಿ ಅಳೆಯುವ ಡೈನೊ ಯಂತ್ರವಿರುವ ನಗರದ ವರ್ಕ್‌ಶಾಪುಗಳಿಗೆ ಹೋಯಿತು. ಹಳೆಯ ಗಾಡಿಯನ್ನು ಅಲ್ಲಿಗೆ ಒಯ್ಯುವ ಮುನ್ನ ಸಜ್ಜುಗೊಳಿಸುವ ಕೆಲಸ ಮಾತ್ರ ಊರ ಗ್ಯಾರೇಜಿನಲ್ಲೇ ಉಳಿಯಿತು.

ಆ ಸಿದ್ಧತೆ ಕಂಪ್ರೆಷನ್ ಪರೀಕ್ಷೆಯಿಂದ ಶುರುವಾಗುತ್ತದೆ. ಎಲ್ಲ ಸಿಲಿಂಡರುಗಳ ಒತ್ತಡ ಹೆಚ್ಚುಕಡಿಮೆ ಒಂದೇ ಸಮ ಇರಬೇಕು. ಕಡಿಮೆ ಬಂದ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟಾಗ ಒತ್ತಡ ಏರಿದರೆ ರಿಂಗ್ ಸವೆದಿದೆ ಎಂದೂ ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ ಎಂದೂ ತಿಳಿಯಬಹುದು. ನಂತರ ಟ್ಯಾಪೆಟ್, ಪ್ಲಗ್, ಪ್ಲಗ್ ವೈರು, ಅರ್ಥಿಂಗ್ ವೈರು, ಬ್ಯಾಟರಿ ನೋಡಬೇಕು. ಇನ್‌ಟೇಕ್ ಕೊಳವೆ, ವ್ಯಾಕ್ಯೂಮ್ ಪೈಪುಗಳಲ್ಲಿ ಬಿರುಕಿರಬಾರದು. ಟ್ಯಾಂಕಿನ ತುಕ್ಕು ತೊಳೆದು ಫಿಲ್ಟರ್ ಬದಲಿಸಬೇಕು. ಡೈನೊ ಮೇಲೆ ಗಾಡಿ ಪೂರ್ತಿ ಭಾರದಲ್ಲಿ ಓಡುವುದರಿಂದ ರೇಡಿಯೇಟರ್, ಕ್ಲಚ್, ಟೈರುಗಳು ಗಟ್ಟಿಯಾಗಿರಲೇಬೇಕು. ಯಾವ ಕ್ಯಾಮ್, ಎಷ್ಟನೆಯ ಜೆಟ್, ಯಾವ ಇಂಜೆಕ್ಟರ್ ಹಾಕಿದೆ ಎಂಬ ಪಟ್ಟಿಯನ್ನು ಟ್ಯೂನ್ ಮಾಡುವವರಿಗೆ ಬರೆದು ಕೊಟ್ಟರೆ ಅರ್ಧ ಹುಡುಕಾಟ ತಪ್ಪುತ್ತದೆ.

ಈಚಿನ ವರ್ಷಗಳಲ್ಲಿ ಇಂಧನವೂ ಬದಲಾಗಿದೆ. ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ಒಂದು ಪಾಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಸುಮಾರು 13.5 ಪಾಲು ಸಾಕು. ಹಳೆಯ ಜೆಟ್ ಇರುವ ಕಾರ್ಬೊರೇಟರಿನಲ್ಲಿ ಈ ಪೆಟ್ರೋಲ್ ಹಾಕಿದರೆ ಮಿಶ್ರಣ ಲೀನ್ ಆಗುತ್ತದೆ, ಹಳೆಯ ರಬ್ಬರ್ ಪೈಪುಗಳೂ ಮೆತ್ತಗಾಗಬಹುದು. ಪೈಪುಗಳನ್ನು ಮೊದಲೇ ಬದಲಿಸಿ, ದಿನವೂ ಹಾಕಿಸುವ ಪೆಟ್ರೋಲಿನಲ್ಲೇ ಟ್ಯೂನ್ ಮಾಡಿಸುವುದು ಸರಿಯಾದ ಕ್ರಮ.

ಕಾಗದಪತ್ರವೂ ಸಿದ್ಧತೆಯ ಭಾಗವೇ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಿಸಿದ್ದರೆ ಅದು ಅನುಮತಿ ಪಡೆದು ಆರ್‌ಸಿಯಲ್ಲಿ ದಾಖಲಾಗಿರಬೇಕು. ಹುಣಸೂರಿನ ಕೆಎ-45 ಫಲಕದ ಗಾಡಿಗೂ ಈ ನಿಯಮ ತಪ್ಪಿದ್ದಲ್ಲ.

ಸಿಗರೇಟು ಕಾಗದದ ಜಾಗದಲ್ಲಿ ಈಗ ಲ್ಯಾಪ್‌ಟಾಪ್ ಇದೆ, ಅಳತೆ ಇನ್ನಷ್ಟು ನಿಖರವಾಗಿದೆ. ಆದರೆ ಸವೆದ ರಿಂಗನ್ನೋ ಸೋರುವ ಸೀಲನ್ನೋ ಯಾವ ಟ್ಯೂನಿಂಗೂ ಸರಿಪಡಿಸದು. ಹಳೆಯ ಗಾಡಿ ಇಟ್ಟುಕೊಂಡವರು ಟ್ಯೂನಿಂಗಿಗೆ ದುಡ್ಡು ಕೊಡುವ ಮೊದಲು ಊರಿನ ನುರಿತ ಮೆಕ್ಯಾನಿಕ್‌ನಿಂದ ಎಂಜಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು.