ಕ್ವಾರ್ಟರ್‌ಬ್ಯಾಕ್ ಮತ್ತು ರಿಸೀವರ್ ನಡುವಿನ ‘ಕೆಮಿಸ್ಟ್ರಿ’: ಮನಸ್ಸು ಓದುವ ವಿದ್ಯೆಯೇ?

ಅಮೆರಿಕನ್ ಫುಟ್‌ಬಾಲ್ ಪಂದ್ಯಗಳಲ್ಲಿ ಒಂದು ದೃಶ್ಯ ಪದೇ ಪದೇ ಕಾಣುತ್ತದೆ. ಆಟಗಾರನೊಬ್ಬ ಚೆಂಡಿಗೆ ಬೆನ್ನು ಹಾಕಿ ಓಡುತ್ತಿರುತ್ತಾನೆ. ಇದ್ದಕ್ಕಿದ್ದಂತೆ ತಿರುಗುತ್ತಾನೆ. ಅಷ್ಟರಲ್ಲಿ ಚೆಂಡು ಅರ್ಧ ದಾರಿ ಕ್ರಮಿಸಿ ಅವನ ಎದೆಯ ಮಟ್ಟಕ್ಕೇ ಬರುತ್ತಿರುತ್ತದೆ. ಎಸೆದವನು ಅವನು ತಿರುಗುವ ಮೊದಲೇ ಎಸೆದಿದ್ದಾನೆ! ಇವನು ಅಲ್ಲಿಗೇ ಬರುತ್ತಾನೆ ಎಂದು ಅವನಿಗೆ ಹೇಗೆ ಗೊತ್ತಾಯಿತು?

ವೀಕ್ಷಕ ವಿವರಣೆಕಾರರು ಇದನ್ನು ‘ಕೆಮಿಸ್ಟ್ರಿ’ ಎಂದು ಕರೆಯುತ್ತಾರೆ. ಅಭಿಮಾನಿಗಳು ಟೆಲಿಪತಿ ಎನ್ನುವುದೂ ಉಂಟು. ಆದರೆ ಇದರ ಹಿಂದೆ ಇರುವುದು ಸರಳ ಗಣಿತ, ಮಿದುಳಿನ ಮಿತಿಗಳು ಮತ್ತು ಅವನ್ನು ಮೀರಲು ಇಬ್ಬರು ಮಾಡುವ ದೀರ್ಘ ಅಭ್ಯಾಸ.

ಯಾರು ಈ ಇಬ್ಬರು?

ತಂಡದ ದಾಳಿಯನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಚೆಂಡು ಕೈಗೆ ಬಂದ ಮೇಲೆ ಅವನು ಕೆಲವು ಹೆಜ್ಜೆ ಹಿಂದೆ ಸರಿದು, ಮುಂದೆ ಓಡುತ್ತಿರುವ ರಿಸೀವರ್‌ಗಳಲ್ಲಿ ಒಬ್ಬನಿಗೆ ಎಸೆಯುತ್ತಾನೆ. ಪ್ರತಿ ರಿಸೀವರ್‌ಗೂ ಮೊದಲೇ ಗೊತ್ತುಮಾಡಿದ ಓಟದ ದಾರಿ ಇರುತ್ತದೆ. ಅದಕ್ಕೆ ‘ರೂಟ್’ ಎನ್ನುತ್ತಾರೆ. ಉದಾಹರಣೆಗೆ, 10 ಗಜ ನೇರವಾಗಿ ಓಡಿ, ಥಟ್ಟನೆ ಅಂಚಿನ ಗೆರೆಯ ಕಡೆಗೆ ತಿರುಗುವುದು. ಎದುರಾಳಿ ತಂಡದ ಕೆಲವರು ರಿಸೀವರ್‌ನ ಬೆನ್ನು ಹತ್ತುತ್ತಾರೆ, ಉಳಿದವರು ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಲು ನುಗ್ಗುತ್ತಾರೆ. ಹಾಗಾಗಿ ಎಸೆಯಲು ಅವನಿಗೆ ಸಿಗುವ ಸಮಯ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಸೆಕೆಂಡ್ ಮಾತ್ರ.

ನೋಡಿ ಎಸೆದರೆ ಏಕೆ ತಡವಾಗುತ್ತದೆ?

ಒಂದು ಚಿಕ್ಕ ಲೆಕ್ಕ ಹಾಕೋಣ. ರಿಸೀವರ್ ತಿರುಗಿ, ಹಿಂಬಾಲಿಸುವವನಿಂದ ಬಿಡಿಸಿಕೊಂಡಿದ್ದಾನೆ ಎಂದುಕೊಳ್ಳಿ. ಅದನ್ನು ಕಣ್ಣಿನಿಂದ ಕಂಡು ದೇಹ ಪ್ರತಿಕ್ರಿಯೆ ಆರಂಭಿಸಲು ಸುಮಾರು 0.2 ಸೆಕೆಂಡ್ ಬೇಕು. ಇದು ಅತಿ ಸರಳವಾದ ಸಂದರ್ಭದ ಮಾತು. ಮೂರು ನಾಲ್ಕು ಆಯ್ಕೆಗಳ ನಡುವೆ ತೀರ್ಮಾನಿಸಬೇಕಾದಾಗ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ಆಮೇಲೆ ಕೈಯನ್ನು ಹಿಂದಕ್ಕೆಳೆದು ಎಸೆಯಲು ಸುಮಾರು 0.4 ಸೆಕೆಂಡ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೊರಟ ಚೆಂಡು 18 ಮೀಟರ್ ಅಂದರೆ ಸುಮಾರು 20 ಗಜ ಕ್ರಮಿಸಲು 0.8 ಸೆಕೆಂಡ್.

ಒಟ್ಟು 1.4 ಸೆಕೆಂಡ್ ಆಯಿತು. ಸೆಕೆಂಡಿಗೆ 7 ಮೀಟರ್ ಓಡಬಲ್ಲ ಎದುರಾಳಿ ಅಷ್ಟರಲ್ಲಿ ಸುಮಾರು 10 ಮೀಟರ್ ದೂರವನ್ನು ದಾಟಬಲ್ಲ. ಆದರೆ ರಿಸೀವರ್‌ಗೆ ಸಿಗುವ ಖಾಲಿ ಜಾಗ ಬಹಳಷ್ಟು ಸಲ ಎರಡು ಮೂರು ಮೀಟರ್ ಮಾತ್ರ. ಅಂದರೆ ಅವನು ಖಾಲಿ ಇರುವುದನ್ನು ನೋಡಿದ ಮೇಲೆ ಎಸೆದರೆ, ಚೆಂಡು ತಲುಪುವ ಹೊತ್ತಿಗೆ ಖಾಲಿ ಜಾಗ ಮಾಯವಾಗಿರುತ್ತದೆ. ಹಾಗಾಗಿ ಇನ್ನೂ ಕಾಣಿಸದ ಜಾಗಕ್ಕೆ ಎಸೆಯುವುದು ಇಲ್ಲಿ ಅನಿವಾರ್ಯ.

ಹೆಜ್ಜೆಗಳೇ ಗಡಿಯಾರ

ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಗಡಿಯಾರವಿಲ್ಲದೆ ಹೊಂದಿಸುವುದು ಹೇಗೆ? ಇದಕ್ಕೆ ಆಟಗಾರರು ಬಳಸುವುದು ಕಾಲುಗಳನ್ನು. ಕ್ವಾರ್ಟರ್‌ಬ್ಯಾಕ್ ಮೂರು ಹೆಜ್ಜೆ ಹಿಂದೆ ಸರಿದರೆ ಗಿಡ್ಡ ರೂಟ್, ಐದು ಹೆಜ್ಜೆಗೆ ಮಧ್ಯಮ ರೂಟ್, ಏಳು ಹೆಜ್ಜೆಗೆ ಉದ್ದದ ರೂಟ್. ರಿಸೀವರ್ ಕೂಡ ತನ್ನ ಹೆಜ್ಜೆಗಳನ್ನು ಎಣಿಸಿಕೊಂಡೇ ತಿರುಗುತ್ತಾನೆ. ಒಬ್ಬನ ಕೊನೆಯ ಹೆಜ್ಜೆ ಊರುವುದಕ್ಕೂ ಇನ್ನೊಬ್ಬ ತಿರುಗಲು ಸಿದ್ಧನಾಗುವುದಕ್ಕೂ ತಾಳ ಕೂಡಬೇಕು. 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡದ ಕೋಚ್ ಬಿಲ್ ವಾಲ್ಶ್ ಹೆಸರು ಮಾಡಿದ್ದು ಇಂತಹ ಕರಾರುವಾಕ್ಕಾದ ಹೊಂದಾಣಿಕೆಯ ಮೇಲೆ ನಿಂತ ಆಟದಿಂದಲೇ.

ಹೀಗೆ ನೂರಾರು ಸಲ ಮಾಡಿದಾಗ ಮಿದುಳಿನಲ್ಲಿ ಒಂದು ಮಾದರಿ ರೂಪುಗೊಳ್ಳುತ್ತದೆ. ಈ ರಿಸೀವರ್ ತಿರುಗುವ ಮೊದಲು ಸೊಂಟವನ್ನು ಎಷ್ಟು ತಗ್ಗಿಸುತ್ತಾನೆ, ತಿರುಗಿದ ಮೇಲೆ ಎಷ್ಟು ಬೇಗ ವೇಗ ಪಡೆಯುತ್ತಾನೆ ಎಂಬುದು ಎಸೆಯುವವನಿಗೆ ಅಭ್ಯಾಸವಾಗುತ್ತದೆ. ಅವನು ನೋಡುವುದು ರಿಸೀವರ್ ಈಗ ಇರುವ ಜಾಗವನ್ನಲ್ಲ, ಮುಂದಿನ ಒಂದು ಸೆಕೆಂಡಿನ ಸುಳಿವನ್ನು.

ಇಬ್ಬರೂ ಒಂದೇ ಉತ್ತರ ಬರೆಯಬೇಕು

ರೂಟ್ ಮೊದಲೇ ನಿಗದಿಯಾಗಿದ್ದರೆ ಇಷ್ಟು ಸಾಕು. ಆದರೆ ಎದುರಾಳಿಗಳು ನಿಲ್ಲುವ ರೀತಿ ಪ್ರತಿ ಸಲವೂ ಬದಲಾಗುತ್ತದೆ. ಆಗ ರಿಸೀವರ್ ಓಡುತ್ತಲೇ ದಾರಿ ಬದಲಿಸಬೇಕಾಗಬಹುದು. ಇಲ್ಲಿ ಇಬ್ಬರೂ ಮಾತಿಲ್ಲದೆ ಒಂದೇ ತೀರ್ಮಾನಕ್ಕೆ ಬರಬೇಕು. ಬೇರೆ ಬೇರೆ ಕೋಣೆಯಲ್ಲಿ ಕೂತ ಇಬ್ಬರು ವಿದ್ಯಾರ್ಥಿಗಳು ಒಂದೇ ಉತ್ತರ ಬರೆಯಬೇಕಾದಂತೆ. ಒಬ್ಬ ‘ನಿಲ್ಲುತ್ತಾನೆ’ ಎಂದುಕೊಂಡು, ಇನ್ನೊಬ್ಬ ‘ಓಡುತ್ತೇನೆ’ ಎಂದುಕೊಂಡರೆ ಚೆಂಡು ನೇರ ಎದುರಾಳಿಯ ಕೈಗೆ. ನೋಡುವವರಿಗೆ ಅದು ಕೆಟ್ಟ ಎಸೆತದಂತೆ ಕಾಣುತ್ತದೆ. ನಿಜವಾಗಿ ಅದು ಎರಡು ಬೇರೆ ಬೇರೆ ಉತ್ತರಗಳ ಫಲ.

1958ರ ಡಿಸೆಂಬರ್ 28ರಂದು ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನಲ್ಲಿ ನಡೆದ ಎನ್‌ಎಫ್‌ಎಲ್ ಫೈನಲ್ ಇದಕ್ಕೆ ಒಳ್ಳೆಯ ಉದಾಹರಣೆ. ಬಾಲ್ಟಿಮೋರ್ ಕೋಲ್ಟ್ಸ್ ತಂಡ 14–17ರಿಂದ ಹಿಂದಿತ್ತು. ಉಳಿದದ್ದು ಎರಡು ನಿಮಿಷಕ್ಕೂ ಕಡಿಮೆ. ಕ್ವಾರ್ಟರ್‌ಬ್ಯಾಕ್ ಜಾನಿ ಯುನಿಟಾಸ್ ಸತತ ಮೂರು ಎಸೆತಗಳಲ್ಲಿ ರಿಸೀವರ್ ರೇಮಂಡ್ ಬೆರಿಗೆ ಚೆಂಡು ತಲುಪಿಸಿ 62 ಗಜ ಗಳಿಸಿದರು. ಆ ಮೂರರಲ್ಲಿ ಮೊದಲನೆಯದರಲ್ಲಿ ಎದುರಾಳಿಯೊಬ್ಬ ಅನಿರೀಕ್ಷಿತವಾಗಿ ಬೆರಿಯ ಎದುರಿಗೇ ಬಂದು ನಿಂತ. ಇಂತಹ ಸಂದರ್ಭ ಬಂದರೆ ಹೇಳಿದ ರೂಟ್ ಬಿಟ್ಟು ಓರೆಯಾಗಿ ಒಳಕ್ಕೆ ಓಡುವುದೆಂದು ಇಬ್ಬರೂ ಬಹಳ ಹಿಂದೆಯೇ ಮಾತಾಡಿಕೊಂಡಿದ್ದೆವು ಎಂದು ಬೆರಿ ಮುಂದೆ ವಿವರಿಸಿದ್ದಾರೆ. ಇಬ್ಬರಿಗೂ ಅದು ನೆನಪಿತ್ತು. ಕೋಲ್ಟ್ಸ್ ಸಮ ಮಾಡಿಕೊಂಡು, ಹೆಚ್ಚುವರಿ ಸಮಯದಲ್ಲಿ 23–17ರಿಂದ ಗೆದ್ದಿತು. ಅಭ್ಯಾಸ ಮುಗಿದು ಎಲ್ಲರೂ ಹೊರಟ ಮೇಲೂ ಈ ಇಬ್ಬರು ಮೈದಾನದಲ್ಲೇ ಉಳಿದು ಎಸೆಯುತ್ತ, ಹಿಡಿಯುತ್ತ ಇರುತ್ತಿದ್ದರು ಎಂಬುದು ಪ್ರಸಿದ್ಧ.

2022ರ ಜನವರಿ 23ರಂದು ಬಫಲೊ ಬಿಲ್ಸ್ ವಿರುದ್ಧ ಕಾನ್ಸಾಸ್ ಸಿಟಿ ಚೀಫ್ಸ್‌ಗೆ ಉಳಿದಿದ್ದದ್ದು 13 ಸೆಕೆಂಡ್. ಅಲ್ಲಿಯೂ ಇದೇ ಕತೆ. ಎದುರಾಳಿಗಳು ಹೀಗೇ ನಿಂತರೆ ಹೇಳಿದ ದಾರಿ ಬಿಟ್ಟು ಖಾಲಿ ಜಾಗಕ್ಕೆ ಹೋಗುತ್ತೇನೆ ಎಂದು ಟ್ರಾವಿಸ್ ಕೆಲ್ಸಿ ಮೊದಲೇ ತಿಳಿಸಿದ್ದರು. ಎದುರಾಳಿಗಳು ನಿಂತದ್ದನ್ನು ಕಂಡ ಪ್ಯಾಟ್ರಿಕ್ ಮಹೋಮ್ಸ್ ಹಾಗೇ ಮಾಡು ಎಂದು ಕೂಗಿದರು. 25 ಗಜ ಸಿಕ್ಕಿತು, ಪಂದ್ಯ ಸಮವಾಯಿತು, ಕೊನೆಗೆ ಚೀಫ್ಸ್ ಗೆದ್ದಿತು.

ಗೆಳೆತನ ಬೇಕೇ? ವರ್ಷಗಳೇ ಬೇಕೇ?

ಮೈದಾನದ ಹೊರಗೆ ಗೆಳೆಯರಾಗಿದ್ದರೆ ಒಟ್ಟಿಗೆ ಹೆಚ್ಚು ಹೊತ್ತು ಕಳೆಯಬಹುದು, ತಪ್ಪನ್ನು ಮುಜುಗರವಿಲ್ಲದೆ ಹೇಳಬಹುದು. ಗೆಳೆತನದ ಲಾಭ ಇಷ್ಟೇ. ಅಭ್ಯಾಸದ ಜಾಗವನ್ನು ಅದು ತುಂಬಲಾರದು.

ಪೇಟನ್ ಮ್ಯಾನಿಂಗ್ ಮತ್ತು ಮಾರ್ವಿನ್ ಹ್ಯಾರಿಸನ್ 1998ರಿಂದ 2008ರವರೆಗೆ ಒಂದೇ ತಂಡದಲ್ಲಿದ್ದು 112 ಟಚ್‌ಡೌನ್ ಗಳಿಸಿದರು. ಇದನ್ನು ನೋಡಿದರೆ ವರ್ಷಗಳೇ ಮುಖ್ಯ ಎನಿಸುತ್ತದೆ. ಆದರೆ ರ‍್ಯಾಂಡಿ ಮಾಸ್ 2007ರಲ್ಲಷ್ಟೇ ಟಾಮ್ ಬ್ರೇಡಿಯ ತಂಡ ಸೇರಿದ್ದರು. ಗಾಯದಿಂದಾಗಿ ಅಭ್ಯಾಸ ಪಂದ್ಯಗಳಿಂದಲೂ ಹೊರಗಿದ್ದರು. ಹಾಗಿದ್ದರೂ ಮೊದಲ ಪಂದ್ಯದಲ್ಲೇ 183 ಗಜ, ಆ ಋತುವಿನಲ್ಲಿ 23 ಟಚ್‌ಡೌನ್ ಪಡೆದರು! ಎತ್ತರ, ವೇಗ ಎರಡೂ ಇದ್ದ ಮಾಸ್‌ಗೆ ದೂರದ ಎಸೆತಗಳಲ್ಲಿ ಕೂದಲೆಳೆಯ ಹೊಂದಾಣಿಕೆ ಅಷ್ಟಾಗಿ ಬೇಕಿರಲಿಲ್ಲ. ಬ್ರೇಡಿಗೆ ತಂಡದ ಪದ್ಧತಿ ವರ್ಷಗಳಿಂದ ಕರಗತವಾಗಿತ್ತು. ಒಟ್ಟಿನಲ್ಲಿ, ಜೋಡಿಯ ಯಶಸ್ಸನ್ನೆಲ್ಲ ಕೆಮಿಸ್ಟ್ರಿಯ ಲೆಕ್ಕಕ್ಕೆ ಬರೆಯುವುದು ತಪ್ಪು. ಅದರಲ್ಲಿ ಪ್ರತಿಭೆಗೂ ಕೋಚ್‌ಗೂ ಪಾಲಿದೆ. ಚೆನ್ನಾಗಿ ಆಡುವ ಜೋಡಿಗಳನ್ನೇ ತಂಡಗಳು ಹೆಚ್ಚು ಕಾಲ ಉಳಿಸಿಕೊಳ್ಳುತ್ತವೆ ಎಂಬುದನ್ನೂ ಮರೆಯಬಾರದು.

ತಡವಾದರೆ ಬೆಲೆ ತೆರುವವರು ಯಾರು?

ಸಮಯ ತಪ್ಪಿದರೆ ಅಂಕ ಮಾತ್ರ ಹೋಗುವುದಿಲ್ಲ. ಚೆಂಡು ಅರ್ಧ ಸೆಕೆಂಡ್ ತಡವಾಗಿ ಅಥವಾ ತುಸು ಎತ್ತರಕ್ಕೆ ಬಂದರೆ, ರಿಸೀವರ್ ಕೈಚಾಚಿ ಮೇಲಕ್ಕೆ ಹಾರಬೇಕಾಗುತ್ತದೆ. ಆಗ ಅವನ ಪಕ್ಕೆಲುಬು, ಕುತ್ತಿಗೆ, ತಲೆ ಎಲ್ಲವೂ ರಕ್ಷಣೆಯಿಲ್ಲದೆ ತೆರೆದಿರುತ್ತವೆ. ಪೂರ್ಣ ವೇಗದಲ್ಲಿ ಬರುವ ಎದುರಾಳಿ ಅವನಿಗೆ ಕಾಣುವುದೇ ಇಲ್ಲ. ಇಂತಹ ಸ್ಥಿತಿಯಲ್ಲಿರುವ ರಿಸೀವರ್‌ನ ತಲೆ ಮತ್ತು ಕುತ್ತಿಗೆಗೆ ಡಿಕ್ಕಿ ಹೊಡೆಯುವುದನ್ನು ಎನ್‌ಎಫ್‌ಎಲ್ ನಿಷೇಧಿಸಿದೆ. ಹಾಗಿದ್ದರೂ ಅಪಾಯ ಪೂರ್ತಿ ಇಲ್ಲವಾಗಿಲ್ಲ. ಸರಿಯಾದ ಸಮಯಕ್ಕೆ ಬಂದ ಚೆಂಡಾದರೆ, ಅದನ್ನು ಹಿಡಿದು ಮೈ ಗಟ್ಟಿ ಮಾಡಿಕೊಳ್ಳಲು ಒಂದು ಕ್ಷಣ ಸಿಗುತ್ತದೆ. ಕಾಣದ ಚೆಂಡನ್ನು ನಂಬಿ ತಿರುಗುವ ರಿಸೀವರ್ ತನ್ನ ಮೈಯನ್ನೇ ಎಸೆಯುವವನ ಲೆಕ್ಕಕ್ಕೆ ಒಪ್ಪಿಸಿರುತ್ತಾನೆ.

ಹಾಗಾದರೆ ಕೆಮಿಸ್ಟ್ರಿ ಎಂಬುದು ಸುಳ್ಳೇ? ಅಲ್ಲ, ಅದು ಇದೆ. ಆದರೆ ಅದು ಹುಟ್ಟಿನಿಂದ ಬಂದ ವರವಲ್ಲ, ಮನಸ್ಸು ಓದುವ ವಿದ್ಯೆಯೂ ಅಲ್ಲ. ಇಬ್ಬರು ಒಂದೇ ಸನ್ನಿವೇಶವನ್ನು ನೋಡಿ ಒಂದೇ ಮುನ್ನೋಟಕ್ಕೆ ಬರುವಷ್ಟು ಸಲ ಒಟ್ಟಿಗೆ ಮಾಡಿ, ತಪ್ಪಿ, ತಿದ್ದಿಕೊಂಡಿರುವುದರ ಹೆಸರು ಅದು.