ಮೂರು ಜೀವದವಳು

ಈಚೆಗೆ ಒಂದು ಬೆಳಿಗ್ಗೆ ಮೈಸೂರಿನಿಂದ ಮಗಳ ಫೋನು ಬಂತು. "ಅಮ್ಮಾ, ಎರಡಂತೆ" ಎಂದಳು. ಏನು ಎರಡು ಎಂದು ನಾನು ಕೇಳಲಿಲ್ಲ. ಆಗ ಅವಳಿಗೆ ಏಳನೆಯ ವಾರ. ಮುಂದಿನ ಮಾತು ಆಡುವಷ್ಟರಲ್ಲಿ ಫೋನು ಕೆಳಗಿಟ್ಟು ಬಚ್ಚಲಿಗೆ ಓಡಿದ ಸದ್ದು ಕೇಳಿಸಿತು. ಇಪ್ಪತ್ತೆಂಟು ವರ್ಷಗಳ ಹಿಂದೆ ಇವಳನ್ನೂ ಇವಳ ತಮ್ಮನನ್ನೂ ಒಟ್ಟಿಗೆ ಹೊತ್ತು ನಾನೂ ಹಾಗೆಯೇ ಓಡುತ್ತಿದ್ದೆ.

ನಮ್ಮ ಮನೆತನದಲ್ಲಿ ಇದು ಹೊಸದಲ್ಲ. ನನ್ನ ತಾಯಿಯ ತಾಯಿಗೆ 1946ರಲ್ಲಿ ತಿಪಟೂರಿನ ಆಚೆಯ ಹಳ್ಳಿಯಲ್ಲಿ ಹೆರಿಗೆಯಾಯಿತು. ಮೊದಲು ಹುಟ್ಟಿದ್ದು ನಮ್ಮಮ್ಮ. ಸೂಲಗಿತ್ತಿ ಕೈ ತೊಳೆಯಲು ಎದ್ದಾಗ ಅಜ್ಜಿ, "ಕೂತ್ಕೋ, ಇನ್ನೊಂದಿದೆ" ಎಂದಳಂತೆ. ಸೂಲಗಿತ್ತಿ ನಂಬಲಿಲ್ಲ. ಗಂಟೆ ಕಳೆದ ಮೇಲೆ ಬಂದ ಎರಡನೆಯದು ಗಂಡು ಕೂಸು, ಐದನೆಯ ದಿನ ಹೋಯಿತು. "ಮೂರನೇ ತಿಂಗಳಲ್ಲೇ ನಂಗೆ ಗೊತ್ತಿತ್ತು ಕಣೇ, ನಾನು ಎರಡು ಜೀವದವಳಲ್ಲ, ಮೂರು ಜೀವದವಳು ಅಂತ. ಹಿಂದಿನ ಬಸುರಿನಲ್ಲಿ ಇಷ್ಟು ಸಂಕಟ ಇರಲಿಲ್ಲ. ಆದರೆ ಕೇಳೋರು ಯಾರು?" ಎಂದು ಅಜ್ಜಿ ಮುದುಕಿಯಾದ ಮೇಲೂ ಹೇಳುತ್ತಿದ್ದಳು. ಎರಡು ಅಂಡಗಳಿಂದ ಅವಳಿಯಾಗುವ ಒಲವು ಹೆಣ್ಣಿನ ಕಡೆಯಿಂದ ಇಳಿದು ಬರುತ್ತದೆಂದು ವೈದ್ಯರು ಹೇಳುತ್ತಾರೆ. ನಮ್ಮಮ್ಮನನ್ನು ಬಿಟ್ಟು ನನಗೆ ಬಂತು, ನನ್ನಿಂದ ಮಗಳಿಗೆ.

ನಾನು ಮೂವತ್ತು ವರ್ಷ ಚರಿತ್ರೆಯ ಪಾಠ ಮಾಡಿದವಳು. ಪಾಣಿಪತ್ತಿನ ಮೂರು ಕದನಗಳ ಇಸವಿಯನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಆದರೆ ಬಸುರಿಯ ಮೊದಲ ಮೂರು ತಿಂಗಳಿಗೂ ಒಂದು ಚರಿತ್ರೆಯಿದೆ ಎಂಬುದು ನನಗೆ ತೋಚಿದ್ದು ಮಗಳ ಫೋನು ಬಂದ ಮೇಲೆ. ಅವಳಿಗೆ ಧೈರ್ಯ ಹೇಳಲೆಂದು ಓದಲು ಕುಳಿತೆ. ಓದುತ್ತ ಹೋದಂತೆ ಅಜ್ಜಿಯ ಆ ಪ್ರಶ್ನೆಯೇ ಮತ್ತೆ ಮತ್ತೆ ಎದುರಿಗೆ ಬಂತು.

ನನ್ನದೇ ಮೊದಲು ಹೇಳಿಬಿಡುತ್ತೇನೆ. 1997ರಲ್ಲಿ ನಾನು ತಾಲ್ಲೂಕು ಊರಿನ ಒಂದು ಪ್ರೌಢಶಾಲೆಗೆ ಹೊಸದಾಗಿ ಸೇರಿದ್ದೆ. ಮುಟ್ಟು ನಿಂತು ಆರು ವಾರಕ್ಕೆಲ್ಲ ಒಗ್ಗರಣೆಯ ವಾಸನೆ ಬಂದರೆ ಹೊಟ್ಟೆ ತಿರುಚುತ್ತಿತ್ತು. ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಬಯಕೆ ಎಲ್ಲರಿಗೂ ಇದ್ದದ್ದೇ ಎಂದರು. ದಿನಕ್ಕೆ ಹತ್ತು ಹನ್ನೆರಡು ಸಲ ವಾಂತಿಯಾಗಿ, ನಲವತ್ತೆಂಟು ಕೆ.ಜಿ. ಇದ್ದವಳು ನಲವತ್ತಮೂರಕ್ಕೆ ಇಳಿದೆ. ತೋರಿಸಿಕೊಂಡ ಡಾಕ್ಟರು ಚೀಟಿಯಿಂದ ತಲೆ ಎತ್ತದೆಯೇ, "ಓದಿದ ಹುಡುಗಿಯರದು ಈ ನಾಜೂಕು ಜಾಸ್ತಿ. ಗದ್ದೆ ಕೆಲಸದವರನ್ನು ನೋಡಿ" ಎಂದರು. ರಜೆ ಕೇಳಿದರೆ ಶಾಲೆಯ ಹಿರಿಯರು, "ಈಗಲೇ ಮುಗಿಸಿಕೊಂಡರೆ ಹೆರಿಗೆಗೆ ಏನು ಮಾಡ್ತೀರಿ ಟೀಚರ್?" ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಎಂಟನೇ ತರಗತಿಯ ಕಿಟಕಿಯ ಪಕ್ಕ ನಿಂತು ಪಾಠ ಮಾಡುವುದನ್ನು ರೂಢಿಸಿಕೊಂಡೆ. ಹೊರಗಡೆ ಹೊಂಗೆ ಮರ, ಅದರ ಬುಡ ನನ್ನದೇ.

ಇನ್ನೊಂದು ಗುಟ್ಟು. ನಾನು ಬಳಪ ತಿನ್ನುತ್ತಿದ್ದೆ. ನಗಬೇಡಿ, ನಿಮ್ಮಲ್ಲಿ ಎಷ್ಟೋ ಜನ ಬಸುರಿನಲ್ಲಿ ಬಳಪವನ್ನೋ ಕೆಮ್ಮಣ್ಣನ್ನೋ ಬೂದಿಯನ್ನೋ ಬಾಯಿಗೆ ಹಾಕಿಕೊಂಡಿರುತ್ತೀರಿ. ಒಂದು ದಿನ ಶಾಲೆಯ ಆಯಾ ಅದನ್ನು ಕಂಡು, ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತವೇ ಇಲ್ಲ ಟೀಚರಮ್ಮಾ" ಎಂದಳು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟೇ ಗ್ರಾಂ. ಮಣ್ಣು ಬಳಪ ತಿನ್ನುವ ಚಾಪಲ್ಯಕ್ಕೂ ಕಬ್ಬಿಣದ ಕೊರತೆಗೂ ನಂಟಿದೆ ಎಂಬುದನ್ನು ಆಮೇಲೆ ತಿಳಿದೆ. ಒಂದು ಕೂಸಿಗೇ ತಾಯಿಯ ರಕ್ತ ಸಾಲದೆ ಬರುವ ದೇಶ ನಮ್ಮದು, ಎರಡಕ್ಕೆ ಕೇಳಬೇಕೆ? ಕಬ್ಬಿಣವೂ ಫೋಲಿಕ್ ಆಸಿಡ್ಡೂ ಸೇರಿದ ಗುಳಿಗೆ ಕೊಟ್ಟರು. 1970ರಲ್ಲಿ ಸರ್ಕಾರ ರಕ್ತಹೀನತೆ ತಡೆಯುವ ಯೋಜನೆ ಆರಂಭಿಸಿ ಹಂಚತೊಡಗಿದ್ದು ಈ ಜೋಡಿಯನ್ನೇ. ನಮ್ಮಲ್ಲಿ ಬಹಳ ಹೆಂಗಸರು ಅದನ್ನು ಇಸಿದುಕೊಂಡು ಗೂಡಿನಲ್ಲಿಟ್ಟು ಮರೆಯುತ್ತಾರೆ.

ಆ ಗುಳಿಗೆಯ ಒಳಗೆ ಒಬ್ಬ ಹೆಂಗಸಿನ ಕಥೆಯಿದೆ. ಹೆಸರು ಲೂಸಿ ವಿಲ್ಸ್, 1888ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವಳು. ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ ಓದಿ, ಆಮೇಲೆ ಲಂಡನ್ನಿನಲ್ಲಿ ಹೆಂಗಸರಿಗೆಂದೇ ಇದ್ದ ವೈದ್ಯಕೀಯ ಶಾಲೆ ಸೇರಿ 1920ರಲ್ಲಿ ಡಾಕ್ಟರಾದಳು. 1928ರಲ್ಲಿ ಮುಂಬಯಿಗೆ ಬಂದಳು. ಅಲ್ಲಿ ಬಟ್ಟೆ ಗಿರಣಿಗಳ ಕೆಲಸಗಾರರ ಕೇರಿಗಳಲ್ಲಿ ಬಸುರಿಯರು ಒಂದು ವಿಚಿತ್ರ ರಕ್ತಹೀನತೆಯಿಂದ ಬಿಳಿಚಿಕೊಂಡು ಸಾಯುತ್ತಿದ್ದರು. ರೋಗಾಣುವಿನ ಕಾಟವಿರಬಹುದೆಂಬ ಶಂಕೆಯೂ ಇತ್ತು. ಲೂಸಿ ಅದನ್ನೂ ಪರೀಕ್ಷಿಸಿ ನೋಡಿದಳು, ಸಿಕ್ಕಲಿಲ್ಲ. ಆಮೇಲೆ ಅವಳು ಹಿಡಿದದ್ದು ಅಡುಗೆಮನೆಯ ದಾರಿ. ಈ ಹೆಂಗಸರು ಏನು ತಿನ್ನುತ್ತಾರೆ? ಯಾವ ಮನೆಯಲ್ಲಿ ಸೊಪ್ಪು ತರಕಾರಿ ಹಣ್ಣು ಹಾಲು ಇಲ್ಲವೇ ಇಲ್ಲ? ಕಾಯಿಲೆ ಹೆಚ್ಚು ಕಂಡದ್ದು ತೀರ ಬಡ ಮುಸ್ಲಿಂ ಹೆಂಗಸರಲ್ಲಿ, ಅವರ ತಟ್ಟೆಯೇ ಎಲ್ಲಕ್ಕಿಂತ ಬರಿದು.

ಆ ಊಟವನ್ನೇ ಇಲಿಗಳಿಗೆ ಹಾಕಿ ನೋಡಿದಳು. ಇಲಿಗಳಿಗೆ ಹೇನಿನಿಂದ ಬೇರೆ ಸೋಂಕು ತಗುಲಿ ಲೆಕ್ಕವೆಲ್ಲ ಕೆಟ್ಟಿತು. ಆಮೇಲೆ ಮಂಗಗಳ ಸರದಿ. ನಡುವೆ 1929ರಲ್ಲಿ ಕೆಲವು ತಿಂಗಳು ನಮ್ಮ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲೂ ಕೆಲಸ ಮಾಡಿದಳು. ಕೊನೆಗೆ ಗುಣ ಕೊಟ್ಟದ್ದು ಯಾವುದು ಗೊತ್ತೇ? ಮಾರ್ಮೈಟ್ ಎಂಬ, ಬಿಯರ್ ಬಟ್ಟಿಯಲ್ಲಿ ಉಳಿದ ಯೀಸ್ಟಿನ ಸಾರ. ಇಂಗ್ಲೆಂಡಿನವರು ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ಅಗ್ಗದ ಕಪ್ಪು ಲೇಹ್ಯ. ಅದನ್ನು ತಿಂದ ಮಂಗ ಚೇತರಿಸಿಕೊಂಡಿತು, ಹೆಂಗಸರೂ ಚೇತರಿಸಿಕೊಂಡರು. 1931ರಲ್ಲಿ ಈ ವಿಷಯ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಒಳಗಿದ್ದ ವಸ್ತುವಿಗೆ ಆಗ ಹೆಸರೇ ಇರಲಿಲ್ಲ, 'ವಿಲ್ಸ್ ಅಂಶ' ಎಂದು ಕರೆದರು. ಹತ್ತು ವರ್ಷದ ಮೇಲೆ, 1941ರಲ್ಲಿ, ಅಮೆರಿಕದ ಟೆಕ್ಸಾಸಿನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪು ಅರೆದು ಒಂದು ಚಿಟಿಕೆ ವಸ್ತು ತೆಗೆದರು, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಸಿಡ್ ಎಂದು ಹೆಸರಿಟ್ಟರು. ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ಬಗೆ ಕಂಡುಹಿಡಿದ ಲೆಡರ್ಲಿ ಕಂಪನಿಯ ತಂಡದ ಹಿಂದಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಸಾರು ಮಾಡಿಟ್ಟ ಸೊಪ್ಪನ್ನು ಮುಟ್ಟದೆ ಬಳಪ ತಿನ್ನುತ್ತಿದ್ದ ನನ್ನಂಥವಳನ್ನು ಎಷ್ಟು ಜನ ಸೇರಿ ಸಾಕಿದ್ದಾರೆ ನೋಡಿ.

ವಾಂತಿಗೆ ಮಾತ್ರ ನಾನು ಯಾವ ಮಾತ್ರೆಯನ್ನೂ ನುಂಗಲಿಲ್ಲ. ಕಾರಣ ನಮ್ಮ ಸೋದರತ್ತೆ. ಆಕೆ ನರ್ಸಾಗಿದ್ದವರು. 1957ರ ಅಕ್ಟೋಬರಿನಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಮಾತ್ರೆಯ ಕಥೆ ಅವರಿಗೆ ಬಾಯಿಪಾಠ. ನಿದ್ದೆಗೂ ಬಸುರಿಯರ ಓಕರಿಕೆಗೂ ಅದನ್ನು ಕೊಟ್ಟರು. ಮೊದಲ ತಿಂಗಳುಗಳ ಕೆಲವೇ ದಿನಗಳಲ್ಲಿ ನುಂಗಿದ್ದರೂ ಕೈಕಾಲು ಬೆಳೆಯದ ಕೂಸುಗಳು ಹುಟ್ಟಿದವು, ಹತ್ತು ಸಾವಿರಕ್ಕೂ ಮೇಲೆ. ಹ್ಯಾಂಬರ್ಗಿನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಜ್ ತಾಯಂದಿರನ್ನು ಕಂಡು, ಏನು ನುಂಗಿದಿರಿ, ಯಾವಾಗ ನುಂಗಿದಿರಿ ಎಂದು ಕೇಳಿ ಕೇಳಿ 1961ರ ನವೆಂಬರಿನಲ್ಲಿ ಅದನ್ನು ಬಯಲಿಗೆಳೆದರು. ಇಂದು ಬಸುರಿಯರಿಗೆ ಕೊಡುವ ವಾಂತಿ ಮಾತ್ರೆಗಳು ದಶಕಗಳ ಕಾಲ ಪರೀಕ್ಷೆಗೊಳಗಾದವು. ಡಾಕ್ಟರು ಬರೆದುಕೊಟ್ಟರೆ ನುಂಗು ಎಂದೇ ಮಗಳಿಗೆ ಹೇಳಿದ್ದೇನೆ. ಆದರೂ ಅವಳು ಬಾಯಿಗೆ ಹಾಕಿಕೊಂಡ ಹೊತ್ತಿನಲ್ಲಿ ನನ್ನ ಎದೆ ಒಮ್ಮೆ ಹೊಡೆದುಕೊಂಡಿತು.

ಒಳಗೆ ಎರಡಿವೆಯೆಂದು ತಿಳಿಯುವುದಾದರೂ ಹೇಗಿತ್ತು ಹಿಂದೆ? 1821ರಲ್ಲಿ ಪ್ಯಾರಿಸ್ಸಿನಲ್ಲಿ ಕೆರ್ಗರಡೆಕ್ ಎಂಬ ವೈದ್ಯ, ಆಗತಾನೆ ಬಂದಿದ್ದ ಸ್ಟೆತಾಸ್ಕೋಪನ್ನು ಬಸುರಿಯ ಹೊಟ್ಟೆಗೆ ಇಟ್ಟ. ಒಳಗಿನ ನೀರು ತುಳುಕುವ ಸದ್ದು ಕೇಳಬೇಕೆಂದಿದ್ದವನಿಗೆ ಕೈಗಡಿಯಾರದಂಥ ಸದ್ದು ಕೇಳಿಸಿತು, ಕೂಸಿನ ಎದೆಬಡಿತ. ಇದರಿಂದ ಅವಳಿಯನ್ನೂ ಗುರುತಿಸಬಹುದು ಎಂದು ಅಂದೇ ಬರೆದ. ಆದರೆ ಆ ಸದ್ದು ಕೇಳಲು ನಾಲ್ಕೂವರೆ ಐದು ತಿಂಗಳಾಗಬೇಕು. ಆಮೇಲೆ ಎಕ್ಸ್‌ರೇ ಬಂತು. ಹೊಟ್ಟೆ ತಿಂಗಳಿಗೆ ಮೀರಿ ದೊಡ್ಡದಿದ್ದರೆ ಒಂದು ಫೋಟೋ, ಎರಡು ತಲೆ ಕಂಡರೆ ಅವಳಿ. ದಶಕಗಳ ಕಾಲ ಅವಳಿ ತಾಯಂದಿರಿಗೇ ಈ ಎಕ್ಸ್‌ರೇ ಹೆಚ್ಚಾಗಿ ಬಿತ್ತು.

ಅದನ್ನು ಪ್ರಶ್ನಿಸಿದವಳೂ ಒಬ್ಬ ಹೆಂಗಸು, ಆಕ್ಸ್‌ಫರ್ಡಿನ ಡಾ. ಆಲಿಸ್ ಸ್ಟೂವರ್ಟ್. ಮಕ್ಕಳು ರಕ್ತದ ಕ್ಯಾನ್ಸರಿನಿಂದ ಏಕೆ ಸಾಯುತ್ತಿವೆ ಎಂದು ತಿಳಿಯಲು ಅವಳು ಮಾಡಿದ್ದು ಇಷ್ಟೆ: ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಪ್ರಶ್ನೆಗಳ ಪಟ್ಟಿ ಕಳಿಸಿದಳು. ತಾಯಿಗೆ ಎಲ್ಲ ನೆನಪಿರುತ್ತದೆ, ಕೇಳಬೇಕಷ್ಟೆ ಎಂಬುದು ಅವಳ ನಂಬಿಕೆ. ಬಸುರಿನಲ್ಲಿ ಎಕ್ಸ್‌ರೇ ತೆಗೆಸಿಕೊಂಡಿದ್ದೆವು ಎಂದವರು, ಬದುಕಿರುವ ಮಕ್ಕಳ ತಾಯಂದಿರಿಗಿಂತ ಇವರಲ್ಲಿ ಸುಮಾರು ಇಮ್ಮಡಿ ಇದ್ದರು. 1956ರಲ್ಲಿಯೂ 1958ರಲ್ಲಿಯೂ ಅದನ್ನು ಪ್ರಕಟಿಸಿದಳು. ಹೆಂಗಸರ ನೆನಪನ್ನು ಯಾರು ನಂಬುತ್ತಾರೆ ಎಂದು ತಜ್ಞರು ತಳ್ಳಿಹಾಕಿದರು. ಒಪ್ಪಿಕೊಳ್ಳುವ ಹೊತ್ತಿಗೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಕಳೆದಿತ್ತು.

ಇಲ್ಲಿ ನಮ್ಮ ನಾಡಿನ ಒಂದು ಎಳೆಯಿದೆ, ಹೇಳದೆ ಇರಲಾರೆ. ಆಲಿಸ್‌ಗೆ ಆ ಕೆಲಸಕ್ಕೆ ಸಿಕ್ಕ ಹಣ ಒಂದು ಸಾವಿರ ಪೌಂಡು, ಕೊಟ್ಟದ್ದು ಲೇಡಿ ಟಾಟಾ ಸ್ಮಾರಕ ನಿಧಿ. ಲೇಡಿ ಟಾಟಾ ಎಂದರೆ ಮೆಹರ್‌ಬಾಯಿ, ಮೈಸೂರು ಸಂಸ್ಥಾನದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಭಾಭಾ ಅವರ ಮಗಳು, ಬೆಂಗಳೂರಿನಲ್ಲಿ ಬೆಳೆದವರು. 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ಅವರ ಗಂಡ ದೊರಾಬ್ಜಿ ಟಾಟಾ ಈ ನಿಧಿ ಸ್ಥಾಪಿಸಿದರು.

ಕತ್ತಲಾಗಿದ್ದ ಆ ಮೊದಲ ತಿಂಗಳುಗಳಿಗೆ ಬೆಳಕು ಬಂದದ್ದು ಬಾಯ್ಲರ್ ಕಾರ್ಖಾನೆಯಿಂದ. ಗ್ಲಾಸ್ಗೋದ ಹೆರಿಗೆ ವೈದ್ಯ ಇಯಾನ್ ಡೊನಾಲ್ಡ್, ಉಕ್ಕಿನ ಬೆಸುಗೆಯಲ್ಲಿ ಬಿರುಕು ಹುಡುಕುವ ಶಬ್ದತರಂಗದ ಯಂತ್ರವಿದೆಯೆಂದು ತಿಳಿದು, 1955ರ ಜುಲೈನಲ್ಲಿ ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಅಲ್ಲಿಗೆ ಹೋದರು. ಜಾನ್ ಮ್ಯಾಕ್‌ವಿಕರ್, ಎಂಜಿನಿಯರ್ ಟಾಮ್ ಬ್ರೌನ್ ಜೊತೆಗೂಡಿ 1958ರ ಜೂನ್ 7ರಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಮೂತ್ರಕೋಶ ತುಂಬಿದ್ದರೆ ಎಳೆ ಬಸುರು ಚೆನ್ನಾಗಿ ಕಾಣುತ್ತದೆಂದು ಗೊತ್ತಾದದ್ದು ಆಮೇಲೆ, 1963ರಲ್ಲಿ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಒಂದು ಲೀಟರು ನೀರು ಕುಡಿದು ಕಾಲಮೇಲೆ ಕಾಲು ಹಾಕಿಕೊಂಡು ಕುಳಿತವರೆಲ್ಲ ಡೊನಾಲ್ಡರಿಗೆ ಋಣಿಗಳು, ಶಾಪ ಹಾಕಿದರೂ ಸರಿಯೆ.

ನನ್ನ ಸ್ಕ್ಯಾನಿಂಗ್ ಆದದ್ದು ತುಮಕೂರಿನಲ್ಲಿ, ಹನ್ನೊಂದನೆಯ ವಾರ. ಕುಡಿದ ನೀರು ನಿಲ್ಲದ ನನಗೆ ಒಂದು ಲೀಟರು! ಬಸ್ಸಿನಲ್ಲಿ ಗುಟುಕು ಗುಟುಕಾಗಿ ಕುಡಿಯುತ್ತ, ಅರ್ಧ ಕಕ್ಕುತ್ತ ಹೋದೆ. ಲಿಂಗ ಪತ್ತೆ ಮಾಡುವುದಿಲ್ಲವೆಂಬ ಬೋರ್ಡು ಆಗ ಹೊಸದು. 1994ರ ಕಾಯಿದೆ ಜಾರಿಯಾದದ್ದು 1996ರಲ್ಲಿ. ಯಂತ್ರ ಬಂದ ಕೂಡಲೇ ನಮ್ಮವರು ಅದನ್ನು ಯಾವುದಕ್ಕೆ ಹಿಡಿದರು ಎಂಬ ಕಥೆ ಬೇರೆಯೇ ಇದೆ. ಒಳಗಿದ್ದ ಹೆಂಗಸು ಪರದೆ ನನ್ನ ಕಡೆ ತಿರುಗಿಸಿ, "ವಾಂತಿ ಬಹಳವೇ?" ಎಂದರು. ನಾನು ಅತ್ತುಬಿಟ್ಟೆ. ಅಲ್ಲಿಯವರೆಗೆ ಹಾಗೆ ಕೇಳಿದ ವೈದ್ಯರಿಲ್ಲ. ಎರಡು ಇದ್ದಾಗ ಹಾರ್ಮೋನು ಏರುವುದೂ ಹೆಚ್ಚು, ಸಂಕಟವೂ ಹೆಚ್ಚು, ಇದು ನಾಜೂಕಲ್ಲ ಎಂದು ಆಕೆ ವಿವರಿಸಿದರು. ಡ್ರಿಪ್ ಹಾಕಿಸಿದರು. ಮನೆಗೆ ಬಂದರೆ ಅತ್ತೆಯ ಮೊದಲ ಪ್ರಶ್ನೆ, "ಜೋಡಿ ಬಾಳೆಹಣ್ಣು ತಿಂದಿದ್ದೆಯೇನೇ?"

ಕ್ಯಾಲಿಫೋರ್ನಿಯಾದ ತಳಿಶಾಸ್ತ್ರಜ್ಞೆ ಮಾರ್ಲಿನಾ ಫೆಜೊ 1999ರಲ್ಲಿ ಇಂಥದೇ ವಾಂತಿಯಿಂದ ಬಸುರನ್ನೇ ಕಳೆದುಕೊಂಡರು. ಗಮನ ಸೆಳೆಯಲು ಹೀಗೆ ಮಾಡುತ್ತೀ ಎಂಬಂಥ ಮಾತನ್ನು ಡಾಕ್ಟರಿಂದ ಕೇಳಿದ್ದರು. ಅಲ್ಲಿಂದ ಹಿಡಿದ ಹಟ, 2023ರ ಡಿಸೆಂಬರಿನಲ್ಲಿ ಕೇಂಬ್ರಿಜ್‌ನವರ ಜೊತೆಗೂಡಿ ನೇಚರ್ ಪತ್ರಿಕೆಯಲ್ಲಿ ಕಾರಣ ಬರೆದರು. ಕೂಸಿನ ಕಡೆಯಿಂದ ಬರುವ ಜಿಡಿಎಫ್15 ಎಂಬ ಹಾರ್ಮೋನು, ಮೊದಲು ಅದರ ರೂಢಿಯಿಲ್ಲದ ಹೆಂಗಸನ್ನು ಹೆಚ್ಚು ಕಾಡುತ್ತದೆಯಂತೆ. ಆ ಪುಟವನ್ನು ಓದಿದಾಗ ನನಗೆ ಚೀಟಿಯಿಂದ ತಲೆ ಎತ್ತದ ಡಾಕ್ಟರ ನೆನಪಾಯಿತು.

ಮಗಳಿಗೆ ಈಗ ಹನ್ನೊಂದನೆಯ ವಾರ. ಎರಡರದೂ ಎದೆಬಡಿತ ಚೆನ್ನಾಗಿದೆಯಂತೆ. ಅಳಿಯ ಒಂದು ನೋಟುಬುಕ್ಕು ಮಾಡಿ, ಏನು ತಿಂದಳು, ಎಷ್ಟು ಹೊತ್ತು ನಿಂತಿತು ಎಂದು ಬರೆದಿಟ್ಟು ಡಾಕ್ಟರಿಗೆ ತೋರಿಸುತ್ತಾನೆ. ಏಳುವ ಮುಂಚೆ ಹಾಸಿಗೆಯಲ್ಲೇ ಒಂದು ಹಿಡಿ ಕಡಲೆಪುರಿ, ಆಮೇಲೆ ತಣ್ಣನೆಯ ಮಜ್ಜಿಗೆ, ಇವೆರಡೇ ಸದ್ಯಕ್ಕೆ ನಿಲ್ಲುವುದು. ಮೈಸೂರಿನ ಪುರಿ ಸೇರುವುದಿಲ್ಲವಂತೆ, ನಮ್ಮೂರ ಭಟ್ಟಿಯದೇ ಆಗಬೇಕು. ನಿನ್ನೆ ಎರಡು ಸೇರು ಕಟ್ಟಿ, ಪರಿಚಯದ ಕಂಡಕ್ಟರ ಕೈಯಲ್ಲಿ ಬೆಳಗಿನ ಬಸ್ಸಿಗೆ ಕೊಟ್ಟು ಬಂದೆ.