ಜಪಾನಿನ ಸಮಕಾಲೀನ ಕಲೆ: ಹೊರನಾಡಿಗರ ಬರವಣಿಗೆ

ಬೇರೆ ದೇಶದಿಂದ ಬಂದು ಜಪಾನಿನಲ್ಲಿ ನೆಲೆಸಿದವರು ಅಲ್ಲಿನ ಅಂದಂದಿನ ಕಲೆಯನ್ನು ಕುರಿತು ಬರೆಯುವ ಪರಂಪರೆ ಮೇಯಿಜಿ ಚಕ್ರವರ್ತಿಯ ಕಾಲದ್ದು. ಜಪಾನನ್ನು ಲೋಕಕ್ಕೆ ಪರಿಚಯಿಸಿದ್ದೇ ಈ ಬರಹಗಳ ಹಿರಿಮೆಯೆಂದು ಹೇಳುವುದುಂಟು. ಆದರೆ ಅವುಗಳಲ್ಲಿ ಕಲೆಯ ದಿಕ್ಕನ್ನೇ ತಿರುಗಿಸಿದವು ಜಪಾನೀ ಓದುಗರನ್ನೇ ಎದುರಿಗಿಟ್ಟುಕೊಂಡು ಹುಟ್ಟಿದವು.

ತತ್ತ್ವಶಾಸ್ತ್ರ ಕಲಿಸಲು 1878ರಲ್ಲಿ ಟೋಕಿಯೊಗೆ ಬಂದ ಅಮೆರಿಕದ ಅರ್ನೆಸ್ಟ್ ಫೆನೊಲೊಸಾ, 1882ರಲ್ಲಿ ಮಾಡಿದ ಭಾಷಣದಲ್ಲಿ ತೈಲಚಿತ್ರಕ್ಕಿಂತ ಜಪಾನೀ ಚಿತ್ರಕಲೆಯೇ ಮೇಲೆಂದು ವಾದಿಸಿದ. ಆ ಭಾಷಣ ಜಪಾನೀ ಭಾಷೆಯಲ್ಲಿ ಅಚ್ಚಾಯಿತು. ಇಟಲಿಯ ಕಲಾವಿದರು ಕಲಿಸುತ್ತಿದ್ದ ಸರ್ಕಾರಿ ಕಲಾಶಾಲೆ ಮರುವರ್ಷವೇ ಮುಚ್ಚಿತು. 1889ರಲ್ಲಿ ತೆರೆದ ಟೋಕಿಯೊ ಲಲಿತಕಲಾ ಶಾಲೆಯಲ್ಲಿ ಪಾಶ್ಚಾತ್ಯ ಚಿತ್ರಕಲೆಗೆ 1896ರವರೆಗೆ ಜಾಗವಿರಲಿಲ್ಲ. ರಾಷ್ಟ್ರಾಭಿಮಾನದ ಗಾಳಿ ಆಗಲೇ ಬೀಸುತ್ತಿತ್ತು, ಕರಕುಶಲ ವಸ್ತುಗಳ ರಫ್ತು ಸರ್ಕಾರಕ್ಕೆ ಬೇಕಿತ್ತು, ಫೆನೊಲೊಸಾ ನಿಮಿತ್ತ ಮಾತ್ರ ಎಂಬ ಆಕ್ಷೇಪವುಂಟು. ಗಾಳಿ ಬೀಸುತ್ತಿದ್ದುದು ನಿಜ. ಆದರೆ ಆ ಒಲವಿಗೆ ಸೌಂದರ್ಯಶಾಸ್ತ್ರದ ಮಾತು ಕೊಟ್ಟವನು ಅವನು. ಪಂಡಿತಪರಂಪರೆಯ ಬುಂಜಿಂಗಾ ಚಿತ್ರಗಳನ್ನು ಕೀಳುಗಳೆದ ಅನ್ಯಾಯವೂ ಅವನದೇ. ಅವನ ಪ್ರಭಾವ ನಮ್ಮ ನಾಡಿಗೂ ಹರಿಯಿತು: ಅವನ ಶಿಷ್ಯ ಒಕಾಕುರಾನ ಬಳಗದ ಚಿತ್ರಕಾರರಾದ ತೈಕಾನ್, ಶುನ್ಸೊ 1903ರಲ್ಲಿ ಕಲ್ಕತ್ತೆಗೆ ಬಂದಾಗ ಚಿತ್ರಕಾರ ಅವನೀಂದ್ರನಾಥ ಠಾಕೂರರು ಬಣ್ಣವನ್ನು ನೀರಿನಲ್ಲಿ ತೆಳುವಾಗಿ ಹರಡುವ ಅವರ ವಾಶ್ ವಿಧಾನವನ್ನು ಕಂಡು ತಮ್ಮದಾಗಿಸಿಕೊಂಡರು. ಮೈಸೂರಿನಿಂದ ಹೋಗಿ ಅವನೀಂದ್ರನಾಥರ ಬಳಿ ಕಲಿತವರು ನಮ್ಮ ಕೆ. ವೆಂಕಟಪ್ಪ.

ಇನ್ನೂ ಗಟ್ಟಿಯಾದ ಸಾಕ್ಷಿ ಕಲಾವಿದ, ವಿಮರ್ಶಕ ಲೀ ಉಫಾನ್ ಅವರದು. 1936ರಲ್ಲಿ ಕೊರಿಯಾದಲ್ಲಿ ಹುಟ್ಟಿ 1956ರಲ್ಲಿ ಜಪಾನಿಗೆ ಬಂದ ಅವರು ಬರೆದದ್ದು ಜಪಾನೀ ಭಾಷೆಯಲ್ಲೇ. 1968ರ ಅಕ್ಟೋಬರಿನಲ್ಲಿ ಕೋಬೆಯ ಸುಮಾ ಉದ್ಯಾನದಲ್ಲಿ ಕಲಾವಿದ ಸೆಕಿನೆ ನೊಬುವೊ 2.7 ಮೀಟರ್ ಆಳ, 2.2 ಮೀಟರ್ ಅಗಲದ ದುಂಡನೆಯ ಗುಂಡಿ ತೋಡಿ, ತೆಗೆದ ಮಣ್ಣನ್ನು ಪಕ್ಕದಲ್ಲೇ ಅದೇ ಅಳತೆಯ ಕಂಬವಾಗಿ ನಿಲ್ಲಿಸಿದರು. ಗುಂಡಿಯಲ್ಲಿ ಇಲ್ಲದ್ದು ಕಂಬದಲ್ಲಿದೆ, ಅಷ್ಟೆ. ಕಣ್ಣಿಗೆ ಭ್ರಮೆ ಹುಟ್ಟಿಸುವ ಕೃತಿಗಳೇ ಟೋಕಿಯೊದಲ್ಲಿ ಸುದ್ದಿಯಾಗಿದ್ದ ವರ್ಷವದು. ಸೆಕಿನೆ ಹೊಸದೇನನ್ನೂ ಸೃಷ್ಟಿಸಿಲ್ಲ, ಇದ್ದ ಲೋಕವನ್ನು ಇದ್ದಂತೆ ಕಾಣುವಂತೆ ಮಾಡಿದ್ದಾರೆ ಎಂದು ಲೀ 1969ರಲ್ಲಿ ವಾದಿಸಿದರು. ಸೆಕಿನೆ ಹೊರಟದ್ದು ಟೊಪಾಲಜಿ ಎಂಬ ಗಣಿತದಿಂದ. ಲೀ ತಮ್ಮ ತತ್ತ್ವಶಾಸ್ತ್ರವನ್ನು ಅದರ ಮೇಲೆ ಹೇರಿದರು ಎನ್ನುವವರಿದ್ದಾರೆ. ಹೇರಿಕೆಯಾಗಿದ್ದರೆ ಕಲಾವಿದರು ದೂರ ಸರಿಯುತ್ತಿದ್ದರು. 1970ರ ಫೆಬ್ರವರಿಯ ‘ಬಿಜುತ್ಸು ತೆಚೊ’ ಪತ್ರಿಕೆಯ ಚರ್ಚೆಯಲ್ಲಿ ಸೆಕಿನೆ, ಸುಗಾ ಕಿಶಿಯೊ ಮುಂತಾದವರು ಲೀ ಅವರ ಜೊತೆಗೇ ಕೂತರು. ಮುಂದೆ ಮೊನೊ-ಹಾ ಎಂದು ಹೆಸರಾದ ಪಂಥದ ವಿಚಾರ ರೂಪುಗೊಂಡದ್ದು ಇಂಥ ಮಾತುಕತೆಯಲ್ಲಿ.

ಹಾಗಾದರೆ ಇಂಗ್ಲಿಷಿನಲ್ಲಿ ಬರೆದವರ ಶ್ರಮ ವ್ಯರ್ಥವೇ? ಖಂಡಿತ ಅಲ್ಲ. ಜಪಾನಿನಲ್ಲಿ ಓದಿದ ಅಲೆಕ್ಸಾಂಡ್ರಾ ಮನ್ರೊ 1994ರಲ್ಲಿ ಯೊಕೊಹಾಮಾದಿಂದ ನ್ಯೂಯಾರ್ಕಿಗೆ ಒಯ್ದ ಪ್ರದರ್ಶನ ಮತ್ತು ಅದರ ದೊಡ್ಡ ಗ್ರಂಥದಿಂದಾಗಿ 1945ರ ನಂತರದ ಜಪಾನೀ ಕಲೆ ಅಮೆರಿಕದಲ್ಲಿ ಅಧ್ಯಯನದ ವಿಷಯವಾಯಿತು. ಆದರೆ ಅದು ಆಗಿಹೋದದ್ದನ್ನು ವಿವರಿಸುವ ಕೆಲಸ. ಲೀ ಬರೆದದ್ದು ಆಗುತ್ತಿದ್ದಾಗಲೇ. ಅವರ ಬರಹಗಳ ಇಂಗ್ಲಿಷ್ ಸಂಕಲನ ಹೊರಬಂದದ್ದು 2004ರಲ್ಲಿ. ಗುಗೆನ್‌ಹೈಮ್ ಸಂಗ್ರಹಾಲಯದಲ್ಲಿ ಅವರ ಸಮಗ್ರ ಪ್ರದರ್ಶನ ನಡೆದದ್ದು 2011ರಲ್ಲಿ, ಅದನ್ನು ರೂಪಿಸಿದವರು ಮನ್ರೊ.